ಏರಿಯ ಬುಡದ ನೀರು

ಯಾವ ಕೆರೆ ಒಡೆದೀತು ಎಂದು ಪಟ್ಟಿ ಮಾಡಲು ಇಲಾಖೆಯವರು ನನ್ನನ್ನು ಕಳಿಸಿದ್ದೇ ಮಳೆ ಹಿಡಿದ ಮೇಲೆ. ದಾಸನಕೊಪ್ಪದ ಹತ್ತಿರ ಒಂದು ಕೆರೆಯ ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಕೆಳಗೇ ಮನೆಗಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಜೊತೆಗಿದ್ದ ರೈತ ಬಸಪ್ಪ ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದ.

"ತಿಳಿ ಐತ್ರಿ, ಅಂಜಬ್ಯಾಡ್ರಿ. ಕೆಂಪು ನೀರು ಬಂತಂದ್ರ ಒಳಗ ಮಣ್ಣು ಕೊರಿಯಾಕತ್ತೈತಿ ಅಂತ. ಅವತ್ತ ನಾವು ಗುಡ್ಡ ಹತ್ತತೀವಿ."

ನನ್ನ ಫಾರಮಿನಲ್ಲಿ ಸೋರಿಕೆ ಇದೆಯೋ ಇಲ್ಲವೋ ಎಂದಷ್ಟೇ ಇತ್ತು. ಬಣ್ಣ ಬರೆಯಲು ಜಾಗವಿರಲಿಲ್ಲ. 'ಇದೆ' ಎಂದು ಬರೆದು ಶಿರಸಿಗೆ ಬಂದೆ. ಮಳೆ ಜೋರಾಯಿತು. ತಡೆಯಲಾರದೆ ಬಸಪ್ಪನಿಗೆ ಅಂಚೆ ಕಾರ್ಡು ಹಾಕಿದೆ: ನೀರಿನ ಬಣ್ಣ ಹೇಗಿದೆ?

"ಇನ್ನೂ ತಿಳಿ ಐತ್ರಿ" ಎಂದು ಉತ್ತರ ಬಂತು. ಸಮಾಧಾನದಿಂದ ಉಸಿರು ಬಿಟ್ಟು ತಾರೀಖು ನೋಡಿದೆ. ಅವನು ಅದನ್ನು ಬರೆದು ಎಂಟು ದಿನವಾಗಿತ್ತು. ಆ ಎಂಟೂ ದಿನ ಮಳೆ ಬಿಟ್ಟಿರಲಿಲ್ಲ.