ಹಗೇವಿಗೆ ಕಲಿಸಿದ ಹೆಸರು

ಆಗ ನನಗೆ ಏಳು ವರ್ಷ. ಇವತ್ತಿಗೆ ಅರವತ್ತೈದು ವರ್ಷವಾಯಿತು. ಹೋದ ವಾರ ಮೊಮ್ಮಗ ಹಿತ್ತಲಲ್ಲಿ ಮನೆಗೆ ಪಾಯ ತೋಡಿಸುತ್ತಿದ್ದಾಗ ಜೆಸಿಬಿಯ ಹಲ್ಲು ಒಂದು ಕಲ್ಲುಚಪ್ಪಡಿಗೆ ತಾಗಿತು. ಚಪ್ಪಡಿ ಸರಿದದ್ದೇ ತಡ, ಹಳೇ ರಾಗಿಯ ಮುಗ್ಗಲು ವಾಸನೆ ಎದ್ದು ಬಂತು. ಹುಳಿ, ಬೂದಿ, ಕೊಳೆತ ಹುಲ್ಲು ಮೂರೂ ಕಲೆತಂಥ ವಾಸನೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈ ನಿಂತುಹೋಯಿತು.

"ಅಜ್ಜೀ, ಇದೇನ್ ಬಾವಿನಾ?" ಅಂದ ಮೊಮ್ಮಗ. ಹೊಸೂರಿನ ಫ್ಯಾಕ್ಟರಿಗೆ ಹೋಗುವವನು, ಶಿಫ್ಟಿಗೆ ಹೊತ್ತಾಗಿತ್ತು.

"ಹಗೇವು ಕಣ್ಲಾ. ಬಗ್ಗಿ ನೋಡ್ಬ್ಯಾಡ, ಈಚೆಗ್ ಬಾ," ಅಂದೆ. ಅವನು ನಕ್ಕ. ನಗಲಿ, ಅವನಿಗೇನು ಗೊತ್ತು.

ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ನೆಲದಲ್ಲಿ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಮಾಡಿ ತೋಡಿ, ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಬರಿದಾದಾಗ ಅದರ ಬಾಯಿಗೆ ಬಗ್ಗಿ ಕೂಗಿದರೆ ನಮ್ಮ ಕೂಗೇ ತಿರುಗಿ ಬರುತ್ತಿತ್ತು. ಮಕ್ಕಳು ಅತ್ತ ಸುಳಿಯಬಾರದೆಂದು ನಮ್ಮಜ್ಜಿ ಒಂದು ಸುಳ್ಳು ಕಟ್ಟಿದ್ದಳು. "ಒಳಗೊಬ್ಳು ಅವ್ಳೆ ಕಣಮ್ಮಿ. ಕಣ್ಣಿಲ್ಲ, ಬರೀ ಕಿವಿ. ನೀನು ಕೂಗಿದ್ದನ್ನ ಕಲ್ತ್ಕಂತಾಳೆ. ಆಮೇಲೆ ನಿನ್ ಗಂಟ್ಲಲ್ಲೇ ಕೂಗ್ತಾಳೆ. ಯಾರನ್ನ ಕೂಗಿದ್ರೆ ಅವ್ರು ಅವಳತ್ರ ಹೋಗ್ಲೇಬೇಕು." ಹಗೇವು ತೆಗೆದ ದಿನ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಅಂತ ದೊಡ್ಡವರಿಗೆ ಗೊತ್ತಿತ್ತು. ಅವಳೇ ದೀಪ ತಿಂದಳು ಅಂತ ನನಗೆ ಗೊತ್ತಿತ್ತು.

ಇಳಿಯುತ್ತಿದ್ದವನು ಚಿಕ್ಕಪ್ಪ ತಿಮ್ಮರಾಯ. ಮನೆಯಲ್ಲಿ ಅವನೇ ಸಣಕಲ, ಆ ಬಾಯಲ್ಲಿ ತೂರುತ್ತಿದ್ದವನು ಅವನೊಬ್ಬನೇ. ಹಸಿ ರಾಗಿ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ನನ್ನ ಬಾಯಿಗೆ ಹಾಕುತ್ತಿದ್ದ. ಆನೆ ತುಳಿದ ಹೊಲಕ್ಕೆ ಹೆಗಲ ಮೇಲೆ ಹೊತ್ತೊಯ್ದು, ಆ ಹೆಜ್ಜೆಯ ಗುಳಿಯೊಳಗೆ ನನ್ನನ್ನು ಕೂರಿಸಿ ನಗುತ್ತಿದ್ದ. ಅವ್ವ ಹೆತ್ತವಳು ಸರಿ, ನನ್ನನ್ನು ಎತ್ತಿ ಆಡಿಸಿದವನು ಅವನು.

ಅವತ್ತು ಪಕ್ಕದ ಬೇರಿಕೆ ಊರಲ್ಲಿ ಸಂತೆ, ರಾಗಿ ಮಾರಬೇಕಿತ್ತು. ಹಗೇವಿನ ಬಾಯಿ ತೆಗೆದರೆ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಹಾಗೇ ಬಿಡಬೇಕು. ಅಪ್ಪನಿಗೆ ಅವಸರ, ಬೆಳಗ್ಗೆ ತೆಗೆಸಿ ಬಿಸಿಲೇರುವ ಮೊದಲೇ ಇಳಿಸಿದ. ದೀಪವೇನೋ ಆರಲಿಲ್ಲ. ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ರಾಗಿಯನ್ನು ಬುಟ್ಟಿಗೆ ಮೊಗೆದು ಕೊಡುತ್ತ ಹೋದ. ರಾಗಿ ಇಳಿದಷ್ಟೂ ಅವನೂ ಕೆಳಕ್ಕೆ ಹೋದ. ಅಪ್ಪ ಮೂಟೆ ಹೊತ್ತು ಬೀದಿಯ ಕೊನೆಯಲ್ಲಿದ್ದ ಗಾಡಿಗೆ ಹಾಕಲು ಹೋದ. ಅಜ್ಜಿ ಮಜ್ಜಿಗೆ ತರಲು ಎದ್ದಳು.

"ಚಿಕ್ಕಪ್ಪನ್ನ ಕೂಗ್ತಾನೇ ಇರಮ್ಮಿ. ಓ ಅಂದ್ರೆ ಸರಿ. ಅನ್ನದಿದ್ರೆ ಓಡ್ ಬಾ," ಅಂದಳು.

ಕೂಗಬೇಡ ಅಂದದ್ದೂ ಅದೇ ಬಾಯಿ, ಕೂಗು ಅಂದದ್ದೂ ಅದೇ ಬಾಯಿ. ಮುದುಕಿಗೆ ಮರೆತಿದೆ ಅಂದುಕೊಂಡೆ. ನಾನು 'ಚಿಕ್ಕಪ್ಪಾ' ಅಂದರೆ ಒಳಗಿರುವವಳು ಅದನ್ನೇ ಕಲಿಯುತ್ತಾಳೆ, ಅವನಂತೂ ಅವಳ ಪಕ್ಕದಲ್ಲೇ ಇದ್ದಾನೆ. ತುಂಬ ಯೋಚನೆ ಮಾಡಿ ನಮ್ಮ ಎತ್ತಿನ ಹೆಸರು ಕೂಗಿದೆ. "ಕೆಂದಾ!" ಕೆಂದ ಹೋದರೆ ಹೋಗಲಿ, ಅದು ನನ್ನನ್ನು ಒದ್ದಿತ್ತು.

"ಕೆಂದ ಬಿಚ್ಕಂಡೋಯ್ತೇನೇ?" ಒಳಗಿಂದ ಚಿಕ್ಕಪ್ಪ ನಕ್ಕ.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೂಗಿದೆ. "ನಿಮ್ಮಪ್ಪಂಗೇಳು... ತಲೆ ಯಾಕೋ..." ಅಂದ. ಮಾತು ತೊದಲಿತ್ತು.

ಮೂರನೇ ಸಲಕ್ಕೆ ಏನೂ ಇಲ್ಲ. ರಾಗಿ ಮೊಗೆಯುವ ಸರಸರ ಸದ್ದು ನಿಂತಿತ್ತು. ಹಗ್ಗ ಸಡಿಲವಾಗಿ ಬಿದ್ದಿತ್ತು. ನನಗೆ ಸಂತೋಷವಾಯಿತು. ಚಿಕ್ಕಪ್ಪನಿಗೂ ಉಪಾಯ ತಿಳಿಯಿತು, ಅವಳಿಗೆ ಕೇಳದ ಹಾಗೆ ಬಾಯಿ ಮುಚ್ಚಿಕೊಂಡಿದ್ದಾನೆ ಅಂದುಕೊಂಡೆ. ನಾನೂ ಬಾಯಿ ಮುಚ್ಚಿಕೊಂಡು ಕಲ್ಲಿನ ಮೇಲೆ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಒಂದು ಇರುವೆ ರಾಗಿ ಕಾಳು ಹೊತ್ತು ಕಲ್ಲಿನ ಈ ತುದಿಯಿಂದ ಆ ತುದಿಗೆ ಹೋಯಿತು, ಅಷ್ಟು ಹೊತ್ತು.

ಅಜ್ಜಿ ಚೊಂಬು ಹಿಡಿದು ಬಂದಳು. "ಕೂಗಿದೇನೇ?"

"ಕೂಗ್ದೆ."

"ಏನಂದ?"

"ಏನೂ ಅನ್ನಲಿಲ್ಲ. ನಾನು ಕೆಂದ ಅಂತ ಕೂಗ್ದೆ."

ಚೊಂಬು ಕೈಜಾರಿತು. ಅಜ್ಜಿ ನೆಲಕ್ಕೆ ಬಿದ್ದು, ಹಗೇವಿನ ಬಾಯೊಳಗೆ ತಲೆಯಿಟ್ಟು "ತಿಮ್ಮರಾಯಾ!" ಅಂತ ಕಿರುಚಿದಳು. ಒಳಗಿಂದ "ರಾಯಾ" ಅಂತ ತಿರುಗಿ ಬಂತು. ಒಳಗಿರುವವಳು ಅವನ ಹೆಸರು ಕಲಿತುಬಿಟ್ಟಳು.

ಅಪ್ಪ ಓಡಿ ಬಂದ, ಬೀದಿಯವರೂ ಬಂದರು. ಹಗ್ಗ ಜಗ್ಗಿದಾಗ ಚಿಕ್ಕಪ್ಪ ಕತ್ತು ವಾಲಿಸಿಕೊಂಡು ಮೇಲೆ ಬಂದ. ತುಟಿ ನೇರಳೆಹಣ್ಣಿನ ಬಣ್ಣ, ಬಾಯ್ತುಂಬ ರಾಗಿ. ಹುಣಸೆ ಮರದಡಿ ಮಲಗಿಸಿ ಮೊರದಿಂದ ಬೀಸಿದರು, ಬೆನ್ನು ತಟ್ಟಿದರು. ಕೊನೆಗೆ ಎಳೆದುಕೊಂಡ ಹಾಗೆ ಒಂದು ಉಸಿರು ಬಂತು. ಉಸಿರು ಬಂತು, ಮಾತು ಬರಲಿಲ್ಲ. ಕಣ್ಣು ಅರ್ಧ ತೆರೆದು ಹಗಲೆಲ್ಲ ಹಾಗೇ ಬಿದ್ದಿದ್ದ. ಯಾರೂ ನನ್ನನ್ನು ಬೈಯಲಿಲ್ಲ. ಅಜ್ಜಿ ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಅವನು ಬದುಕಿದ. ಮೂರನೇ ದಿನ ಎದ್ದು ಕೂತು ಮುದ್ದೆ ಕೇಳಿದ. ಮೊಮ್ಮಕ್ಕಳನ್ನೂ ಕಂಡ. ಸಾಯುವ ತನಕ ನನ್ನನ್ನು "ಏನ್ಲಾ ಕೆಂದ" ಅಂತಲೇ ಕೂಗುತ್ತಿದ್ದ, ನನಗೂ ಮೊಮ್ಮಕ್ಕಳಾದ ಮೇಲೂ. ಅವನು ಹೋಗಿ ನಾಲ್ಕು ವರ್ಷ. ಅಜ್ಜಿ, ಅಪ್ಪ, ಅವ್ವ ಮೊದಲೇ ಹೋದರು. ನಮ್ಮ ಹಳೇ ಮನೆಯ ಕಲ್ಲುಗಳೇ ಈಗ ಮೊಮ್ಮಗನ ಪಾಯಕ್ಕೆ ಬಿದ್ದಿವೆ. ನಿನ್ನೆ ಹಗೇವಿಗೆ ಎರಡು ಲೋಡು ಮಣ್ಣು ಸುರಿದರು, ತುಂಬಿತು. ನನ್ನನ್ನು ಕೆಂದ ಅನ್ನುವವರು ಈಗ ಯಾರೂ ಇಲ್ಲ. ಆದರೆ ಚಿಕ್ಕಪ್ಪನಿಗೂ ಹೇಳದ ಒಂದು ಮಾತಿದೆ.

ಅವನನ್ನು ಮೇಲೆತ್ತಿದ ಮರುದಿನ ಬೆಳಗ್ಗೆ, ಎಲ್ಲರೂ ಅವನ ಸುತ್ತ ಕೂತಿದ್ದಾಗ ನಾನು ಹಿತ್ತಲಿಗೆ ಹೋದೆ. ಚಪ್ಪಡಿ ಎಳೆದು ಮುಚ್ಚಿದ್ದರು, ಮಣ್ಣು ಮೆತ್ತಿರಲಿಲ್ಲ. ಸಂದಿಗೆ ಬಾಯಿಟ್ಟು "ಯಲ್ಲಮ್ಮ" ಅಂತ ನನ್ನ ಹೆಸರನ್ನು ಮೂರು ಸಲ ಕೂಗಿದೆ, ಒಳಗಿರುವವಳು ಚಿಕ್ಕಪ್ಪನ ಹೆಸರು ಮರೆತು ಇದನ್ನು ಸರಿಯಾಗಿ ಕಲಿಯಲಿ ಅಂತ ಬಿಡಿಸಿ ಬಿಡಿಸಿ. ಆಮೇಲೆ ಕೈಕಾಲು ತೊಳೆದುಕೊಂಡು, ಜಗಲಿಯ ಮೇಲೆ ಕೂತು, ಅವಳು ಕೂಗುವುದನ್ನೇ ಕಾಯುತ್ತಿದ್ದೆ.