ಕೆಂಪು ದಾರದ ಲೋಟ

ಗೆಳೆಯರೇ, ಮೊದಲು ಸಿಹಿಸುದ್ದಿ ಕೇಳಿಬಿಡಿ, ಉಳಿದದ್ದು ಆಮೇಲೆ: ನನಗಿರುವುದು ಕ್ಷಯವಲ್ಲ! ಇಂದು ಬೆಳಿಗ್ಗೆ ಡಾಕ್ಟರು ಖಚಿತವಾಗಿ ಹೇಳಿದರು. ನನ್ನ ರೋಗ ಯಾರಿಗೂ ಅಂಟುವಂಥದ್ದಲ್ಲ. ಮೊಮ್ಮಗಳು ಚಂಪಾ ನನ್ನ ತೊಡೆಯ ಮೇಲೆ ಕೂಡಬಹುದು, ನನ್ನ ತಾಟಿನಲ್ಲೇ ಉಣ್ಣಬಹುದು. ಆಸ್ಪತ್ರೆಯಿಂದ ಟಾಂಗಾದಲ್ಲಿ ಬರುವಾಗ ಕುದುರೆಗಿಂತ ಮೊದಲು ನಾನೇ ಮನೆ ಮುಟ್ಟಿಬಿಡುತ್ತೇನೇನೋ ಎನ್ನುವಷ್ಟು ಹಿಗ್ಗು.

ಈ ಹಿಗ್ಗಿನ ಆಳ ತಿಳಿಯಬೇಕಾದರೆ ನಮ್ಮ ಪಡಸಾಲೆಯ ಗೂಡಿನಲ್ಲಿ ಒಂಟಿಯಾಗಿ ಕೂತಿದ್ದ ಹಿತ್ತಾಳೆ ಲೋಟವನ್ನು ನೀವು ನೋಡಬೇಕಿತ್ತು. ಅದರ ಕಂಠಕ್ಕೊಂದು ಕೆಂಪು ದಾರ. ಹೋದ ಚಳಿಗಾಲದಲ್ಲಿ ಕೆಮ್ಮು ಹತ್ತಿ, ಮೈ ಇಳಿದು, ಮೆಟ್ಟಿಲೇರಿದರೆ ಉಸಿರು ಗಂಟಲಲ್ಲೇ ನಿಲ್ಲತೊಡಗಿದಾಗ ಓಣಿಯ ವೈದ್ಯರು ಕ್ಷಯವೆಂದರು. ಅಂದೇ ನನ್ನ ಹೆಂಡತಿ ನೀಲವ್ವ ಕಣ್ಣೊರೆಸಿಕೊಳ್ಳುತ್ತ ಆ ದಾರ ಕಟ್ಟಿ ನನ್ನ ಲೋಟವನ್ನು ಉಳಿದವುಗಳಿಂದ ಬೇರೆ ಇಟ್ಟಳು. ಲೋಟದ ಹಿಂದೆ ತಾಟು, ತಾಟಿನ ಹಿಂದೆ ಹಾಸಿಗೆ, ಹಾಸಿಗೆಯ ಹಿಂದೆ ನಾನು, ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಪಡಸಾಲೆಗೆ ಬಂದೆವು.

ಒಳಗೆ ನಾನು ಬಿಟ್ಟ ಜಾಗ ಖಾಲಿಯಾದರೂ ಇದ್ದಿದ್ದರೆ ಸಹಿಸುತ್ತಿದ್ದೆ. ಅಲ್ಲಿ ನಮ್ಮ ಬೀಗರು, ಸೊಸೆಯ ತಂದೆ ಶಿವಲಿಂಗಪ್ಪನವರು ಬಂದು ಕೂತರು. ಇತವಾರಿ ಪೇಟೆಯಲ್ಲಿನ ತಮ್ಮ ಬಟ್ಟೆ ಅಂಗಡಿ ಮುಚ್ಚಿ ಸಂಜೆ ನೇರ ನಮ್ಮ ಕ್ವಾರ್ಟರ್ಸಿಗೇ ಬರುವರು. ಕಿತ್ತಳೆ ಸುಲಿದು, ತೊಳೆತೊಳೆಯ ಬಿಳಿ ಎಳೆ ತೆಗೆದು, ಬೀಜ ಬಿಡಿಸಿ ಚಂಪಾಳ ಬಾಯಿಗಿಡುವರು. ಪಡಸಾಲೆಯ ಕಿಟಕಿಯಿಂದ ನಾನು ನೋಡಬೇಕು. ಅವರು ಕೆಟ್ಟವರಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೊಂದು ಮರ್ಯಾದೆಯಾದರೂ ಇರುತ್ತಿತ್ತು, ಬಂಗಾರದಂಥ ಮನುಷ್ಯ! ಅವರ ಕೆಮ್ಮಿಲ್ಲದ ಎದೆಯ ಮೇಲೆ, ದುಂಡು ಹೊಟ್ಟೆಯ ಮೇಲೆ, ಕಡೆಗೆ ಆ ಕಿತ್ತಳೆಯ ಮೇಲೂ ನನಗೆ ಉರಿ.

“ಬೀಗರ, ಹುಡುಗಿ ಇವತ್ತ ಇಡೀ ಹಣ್ಣು ತಿಂತರಿ!” ಎಂದು ಅವರು ಒಳಗಿನಿಂದ ಕೂಗುವರು.

“ಚಲೋ ಆತು. ಹೊಟ್ಟಿ ಕೆಟ್ಟರ ನಿಮ್ಮ ಮನಿಗೇ ಒಯ್ರಿ,” ಎನ್ನುವೆ ನಾನು.

ಅವರು ನಗುವರು. ಆ ನಗು ಇನ್ನಷ್ಟು ಉರಿ.

ಸೂಜಿಮದ್ದಿನಲ್ಲಿ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು, ಕೆಮ್ಮು ಕದಲಲಿಲ್ಲ. ಮಗ ಬಸವರಾಜ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರು ಕಫವನ್ನು ಮತ್ತೆ ಮತ್ತೆ ಪರೀಕ್ಷಿಸಿದರೂ ಕ್ಷಯದ ರೋಗಾಣು ಸಿಗಲಿಲ್ಲ. ಡೊಳ್ಳಿನ ಕೋಲಿನ ತುದಿಯಂತೆ ಉಬ್ಬಿದ ನನ್ನ ಬೆರಳುಗಳನ್ನು ತಿರುವಿ ತಿರುವಿ ನೋಡಿ, ಈವರೆಗೆ ಯಾರೂ ಕೇಳದ ಮಾತನ್ನು ಮರಾಠಿಯಲ್ಲಿ ಕೇಳಿದರು: “ಬಾಬಾ, ಕಾಮ ಕಾಯ ಕರತ ಹೋತಾ?” ಏನು ಕೆಲಸ ಮಾಡುತ್ತಿದ್ದಿರಿ ಎಂದು.

ರೈಲ್ವೆ ಶೆಡ್ಡಿನಲ್ಲಿ ಇಂಜಿನ್ನಿನ ಬಾಯ್ಲರುಗಳಿಗೆ, ಸಾಹೇಬರು ಆಸ್ಬೆಸ್ಟಾಸ್ ಎನ್ನುತ್ತಿದ್ದ ಕಲ್ನಾರು ಹೊದಿಸುವುದೇ ನನ್ನ ಆಯುಷ್ಯದ ಕೆಲಸ. ಕಾವು ಹೊರಗೆ ಸೋರದಿರಲೆಂದು ಆ ಹೊದಿಕೆ. ಹಳೆಯದನ್ನು ಕಿತ್ತು ಕೊಡವುವುದು, ಹೊಸ ಪುಡಿಯನ್ನು ಜೋಳದ ಹಿಟ್ಟಿನಂತೆ ನಾದಿ ಮೆತ್ತುವುದು. ಸಂಜೆಗೆ ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿ, ಹಿಟ್ಟಿನ ಗಿರಣಿಯವರಂತೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು. ಬೆಂಕಿಗೆ ಸುಡದ, ನೀರಿಗೆ ಕೊಳೆಯದ ನಾರು ಎಂದು ನನಗೆ ಭಾರಿ ಅಭಿಮಾನ. ಅದು ನನ್ನೊಳಗೂ ಕೊಳೆಯದೆ ಕೂತಿದೆಯೆಂದು ಯಾರು ಬಲ್ಲರು?

ಎದೆಯ ಚಿತ್ರ ತೆಗೆದರು; ಸೂಜಿಯಿಂದ ಎದೆಯೊಳಗಿನ ಕೆಂಪಡರಿದ ನೀರನ್ನೆಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇಂದು ಹೇಳಿದರು: ಇದು ಕ್ಯಾನ್ಸರು. ಕಲ್ನಾರಿನ ಧೂಳಿನಿಂದಲೇ ಬಂದದ್ದೆಂದು ಅವರ ಎಣಿಕೆ. ಹೀಗೂ ಆಗುತ್ತದೆಂದು ವೈದ್ಯರು ಗುರುತಿಸುತ್ತಿರುವುದೇ ಈಚೆಗಂತೆ. ಗುಣಪಡಿಸುವ ಮದ್ದಿಲ್ಲ. ಮಗ ಗೋಡೆಯ ಕಡೆ ತಿರುಗಿಕೊಂಡ. ನಾನು ಕೇಳಿದ್ದು ಒಂದೇ: ಇದು ಮಕ್ಕಳಿಗೆ ಹತ್ತುತ್ತದೆಯೇ?

“ನಾಹಿ, ಬಾಬಾ.”

ಆ ಒಂದು ‘ನಾಹಿ’ಯಲ್ಲಿ ನನಗೆ ಎಲ್ಲವೂ ಮರಳಿ ಸಿಕ್ಕಿತು. ಒಂದು ರೋಗ ಸಾವಿಗೆ ಮೊದಲೇ ಮನುಷ್ಯನ ಲೋಟವನ್ನು ಬೇರೆ ಮಾಡುತ್ತದೆ. ಇನ್ನೊಂದು ಕೊಲ್ಲುತ್ತದೆ ನಿಜ, ಆದರೆ ಅಲ್ಲಿಯವರೆಗೆ ಪಂಕ್ತಿಯಿಂದ ಎಬ್ಬಿಸುವುದಿಲ್ಲ. ಕೇಳಿ ಪಡೆಯುವಂತಿದ್ದರೆ ನಾನು ಇದನ್ನೇ ಕೇಳುತ್ತಿದ್ದೆ.

ಸಂಜೆ ನೀಲವ್ವ ದಾರ ಬಿಚ್ಚಲು ಕೂತಳು. ಗಂಟು ಬಿಗಿದಿತ್ತು, ನಾನು ಕುಡಿದ ಲೋಟಕ್ಕೇ ಬಾಯಿ ಹಚ್ಚಿ, ಹಲ್ಲಿನಿಂದ ಕಚ್ಚಿ ಹರಿದಳು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು, ಬೀಗರೂ. “ಮುತ್ಯಾನ ತಾಟು!” ಎಂದು ಚಂಪಾ ನನ್ನ ತೊಡೆಯೇರಿದಳು.

“ನನ್ನ ಕಡೆ ಬರೂದಿಲ್ಲೇನವ್ವಾ?” ಎಂದರು ಬೀಗರು. ಅವಳು ತಲೆಯಾಡಿಸಿ ಒಲ್ಲೆನೆಂದಳು. ಅವರ ಕಣ್ಣಲ್ಲಿ ನನ್ನ ಹಳೆಯ ಉರಿ ಮಿನುಗಿದ್ದು ಕಂಡು ನನಗೆ, ಸುಳ್ಳೇಕೆ, ಪರಮಾನಂದವಾಯಿತು. ಮರುಗಳಿಗೆಯೇ ಹೊಳೆಯಿತು: ಇವಳು ಶಾಲೆಗೆ ಹೋಗುವುದನ್ನು ನೋಡುವವರು, ಇವಳ ಮದುವೆಯ ಸೀರೆಯನ್ನು ತಮ್ಮ ಅಂಗಡಿಯಲ್ಲೇ ಆರಿಸುವವರು ಅವರೇ. ನನ್ನ ಹೊಟ್ಟೆಕಿಚ್ಚು ಕಿತ್ತಳೆಯಿಂದೆದ್ದು ಅವರ ಮುಂದಿನ ವರ್ಷಗಳ ಮೇಲೆ ಹೋಗಿ ಕೂತಿತು.

ಸಾರನ್ನ ಕಲಸಿ ಮೊದಲ ತುತ್ತು ಚಂಪಾಳಿಗಿಟ್ಟೆ. ಎರಡನೆಯದನ್ನು ಹಿಡಿದು, “ಕೈ ಚಾಚ್ರಿ ಬೀಗರ,” ಎಂದೆ. ಅವರು ಅಂಗೈ ಒಡ್ಡಿ ಇಸಿದುಕೊಂಡು ಉಂಡರು, ಕಣ್ಣು ಒದ್ದೆಯಾದವು.

“ಖಾರ ಭಾಳ ಆಗೇತಿ,” ಎಂದರು.

“ಹುಡುಗಿ ಸುಮ್ಮನ ಉಣ್ಣಾಕತ್ತೈತಿ, ನಿಮಗ ಖಾರೇನು?” ಎಂದೆ.

ಚಂಪಾ ಎರಡೂ ಕೈಯಿಂದ ನನ್ನ ಲೋಟವನ್ನೆತ್ತಿ ಗಟಗಟ ಕುಡಿದಳು. ಆಮೇಲೆ ಅದನ್ನು ಬೀಗರ ಮುಂದೆ ಹಿಡಿದಳು, ಅವರೂ ಕುಡಿದರು.