ಅಡುಗೆಯಿಲ್ಲದ ಊರು

ಮುಂಬಯಿಯ ಮಾಟುಂಗದಿಂದ ಮಲಾಡಿಗೆ ಲೋಕಲ್‌ನಲ್ಲಿ ಬರುತ್ತಿದ್ದಾಗ ನನ್ನ ಚೀಲದಲ್ಲಿದ್ದ ಸಾರಿನ ಪುಡಿಯ ಪೊಟ್ಟಣ ಒಡೆಯಿತು. ಬಾಂದ್ರಾ ದಾಟುವ ಹೊತ್ತಿಗೆ ರೈಲಿನ ಲೇಡೀಸ್ ಡಬ್ಬಿಯ ಅರ್ಧ ಭಾಗಕ್ಕೆ ಘಮ ಹರಡಿತ್ತು. ಎದುರಿಗೆ ಕೂತ ಹುಡುಗಿ ಸೀನಿ ಸೀನಿ ನನ್ನ ಕಡೆ ನೋಡಿದಳು. ನಾನು ಏನೂ ಗೊತ್ತಿಲ್ಲದವಳ ಹಾಗೆ ಕಿಟಕಿಯತ್ತ ತಿರುಗಿದೆ. ಹುರಿದ ಕೊತ್ತಂಬರಿ, ಇಂಗು, ಬ್ಯಾಡಗಿ ಮೆಣಸಿನಕಾಯಿ... ಇದಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆ ಸೇರಿದರೆ ವಡಾಲದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯ ಬಾಗಿಲು ತೆರೆದ ವಾಸನೆಯೇ.

ಮಾಟುಂಗಕ್ಕೆ ಹೋಗಿದ್ದು ಪ್ರವಾಸದ ತಯಾರಿಗೆ. ಎಲ್ಲಿಗೆ ಪ್ರವಾಸ ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ! ನನ್ನ ಯಜಮಾನರು ನಿವೃತ್ತರಾದ ಮೇಲೆ ಒಮ್ಮೆ ಯುರೋಪ್ ನೋಡೋಣ ಎಂದುಕೊಂಡಿದ್ದೆವು. ನಮ್ಮ ಕೈಗೆಟಕುವುದು ಒಂದೇ ಊರು. ಅವರು ಲಂಡನ್ ಎಂದರು, ನಾನು ಪ್ಯಾರಿಸ್ ಎಂದೆ. ಲಂಡನ್ನಿನಲ್ಲಿ ಅವರ ಗೆಳೆಯರ ಫ್ಲ್ಯಾಟ್ ಖಾಲಿಯಿದೆ, ಕ್ರಿಕೆಟ್ ಮೈದಾನವಿದೆ, ಮಾತನಾಡಿದರೆ ತಿಳಿಯುವ ಭಾಷೆಯಿದೆ. ನನಗೆ ಪ್ಯಾರಿಸ್ ಯಾಕೆ ಬೇಕು ಎಂದು ಕೇಳಿದರೆ ಮಾತ್ರ ನನ್ನ ಹತ್ತಿರ ಉತ್ತರವಿರಲಿಲ್ಲ. ಒಂದು ತಿಂಗಳಿನಿಂದ ಊಟದ ಟೇಬಲ್ಲಿನ ಮೇಲೆ ಇದೇ ಜಟಾಪಟಿ. ಆ ಪುಡಿಯ ಘಮ ಮೂಗಿಗೆ ಬಡಿದಾಗ ಉತ್ತರ ಹೊಳೆಯಿತು.

ಪಕ್ಕದ ಮನೆಯವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನಾನು ಮದುವೆಯಾಗಿ ಧಾರವಾಡದಿಂದ ವಡಾಲಕ್ಕೆ ಬಂದ ಮೊದಲ ವಾರವೇ ಅವರು ನಮ್ಮಿಬ್ಬರ ನಡುವಿನ ಗೋಡೆಯನ್ನು ಸೌಟಿನಿಂದ ತಟ್ಟಿ ಚಹಾಕ್ಕೆ ಕರೆದಿದ್ದರು. ಉಡುಪಿಯ ಕಡೆಯವರು. ನಾನು 'ಅದ' ಅಂದರೆ ಅವರು 'ಉಂಟು' ಅನ್ನುವವರು. "ನಿಂದು ಕನ್ನಡವಾ ಮರಾಠಿಯಾ, ಮಾರಾಯ್ತಿ?" ಎಂದು ಕಾಲೆಳೆಯುತ್ತಿದ್ದರು. "ನಿಮ್ಮದಾದ್ರೂ ಏನು, ಅರ್ಧ ತುಳು!" ಎಂದು ನಾನೂ ಬಿಡುತ್ತಿರಲಿಲ್ಲ. ಮಕ್ಕಳಿರಲಿಲ್ಲ ಅವರಿಗೆ. ಮನೆಯಲ್ಲಿ ಅವರು ಮತ್ತು ಅವರ ಗಂಡ ಭಟ್ಟರು, ಇಬ್ಬರೇ.

ಭಟ್ಟರು ಅಡುಗೆಯವರು. ಮಾಟುಂಗದ ಒಂದು ಹೋಟೆಲಿನಲ್ಲಿ ಬಹಳ ಕಾಲ ಇದ್ದು ಆಮೇಲೆ ಒಂದು ಟೂರ್ ಕಂಪನಿ ಸೇರಿದ್ದರು. ಮುಂಬಯಿಯಿಂದ ಗುಂಪಾಗಿ ಯುರೋಪಿಗೆ ಹೋಗುವವರಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರೇ ಹೆಚ್ಚು. ಅವರ ಜೊತೆ ಒಬ್ಬ ಅಡುಗೆಯವನನ್ನೂ ಕಂಪನಿಯವರು ಕಳಿಸುತ್ತಿದ್ದರು. ಬೇಸಿಗೆ ಬಂತೆಂದರೆ ಭಟ್ಟರು ಬೇಳೆ, ಅಕ್ಕಿ, ದೊಡ್ಡ ಕುಕ್ಕರು ಕಟ್ಟಿಕೊಂಡು ವಿಮಾನ ಹತ್ತಿಬಿಡುತ್ತಿದ್ದರು. ನಮ್ಮ ಕಾಲನಿಯಲ್ಲಿ ಅವರಷ್ಟು ಸಲ ಯುರೋಪಿಗೆ ಹೋದವರು ಇನ್ನೊಬ್ಬರಿರಲಿಲ್ಲ. ಅವರಷ್ಟು ಕಡಿಮೆ ಯುರೋಪ್ ನೋಡಿದವರೂ ಇರಲಿಲ್ಲ. ಹೇಗಿದೆ ಪ್ಯಾರಿಸ್ ಎಂದು ಯಾರಾದರೂ ಕೇಳಿದರೆ, "ನೀರು ಸರಿ ಇಲ್ಲ ಮಾರಾಯ್ರೆ, ಬೇಳೆ ಬೇಗ ಬೇಯುದಿಲ್ಲ" ಎನ್ನುತ್ತಿದ್ದರು. ಲಂಡನ್? "ಅಲ್ಲಿಯೂ ಅದೇ ಕತೆ."

ಜಗತ್ತಿಗೆಲ್ಲ ಬಡಿಸುತ್ತಿದ್ದ ಆ ಮನುಷ್ಯ ಕೂತು ಉಂಡಿದ್ದನ್ನು ನಾನು ನೋಡಿರಲಿಲ್ಲ. ಕೆಲಸದಲ್ಲಿ ಎಲ್ಲರದೂ ಮುಗಿದ ಮೇಲೆ ನಿಂತೇ ಉಣ್ಣುವ ರೂಢಿ. ಮನೆಯಲ್ಲೂ ಹಾಗೆಯೇ. ಒಲೆಯ ಕಟ್ಟೆಗೆ ಒರಗಿ ತಟ್ಟೆ ಹಿಡಿದು, ನಡುವೆ ಒಂದು ಸಲ ಸಾರು ಕಲಕಿ, ಮುಗಿಸಿಬಿಡುತ್ತಿದ್ದರು. ಅವರದಾದ ಮೇಲೆ ಅಕ್ಕನ ಊಟ. "ಮದುವೆ ದಿನ ಒಟ್ಟಿಗೆ ಕೂರಿಸಿ ಬಡಿಸಿದ್ರು. ಅದೇ ಮೊದಲು, ಅದೇ ಕೊನೆ" ಎಂದು ಅಕ್ಕ ಒಮ್ಮೆ ನಗುತ್ತಲೇ ಹೇಳಿದ್ದರು. ಆಗ ನಾನೂ ನಕ್ಕಿದ್ದೆ.

ಒಂದು ವರ್ಷ ಕಂಪನಿಯ ಮಾಲೀಕರು ಭಟ್ಟರಿಗೆ ಒಂದು ಮಾತು ಹೇಳಿ ಕಳಿಸಿದರು. ಇಷ್ಟು ಕಾಲ ದುಡಿದಿದ್ದೀರಿ, ಈ ಸಲ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಖರ್ಚು ನಮ್ಮದು. ಲಂಡನ್ನಿಗೆ ಒಂದು ಗುಂಪು ಹೊರಡುತ್ತದೆ, ಪ್ಯಾರಿಸ್ಸಿಗೆ ಒಂದು. ಎರಡರಲ್ಲಿ ಯಾವುದಾದರೂ ಒಂದು. ವಾರದೊಳಗೆ ತಿಳಿಸಬೇಕು.

ಸುದ್ದಿ ಬಿಲ್ಡಿಂಗ್ ತುಂಬ ಹರಡಿತು. ಆ ವಾರ ಅಕ್ಕನ ಮನೆಗೆ ಬಂದವರೆಲ್ಲ ಒಂದೊಂದು ಊರಿನ ವಕೀಲರಾದರು. ನಮ್ಮ ಯಜಮಾನರು ಆಗಲೂ ಲಂಡನ್ನಿನ ಕಡೆಯೇ. ಕೆಳಗಿನ ಮನೆಯ ಮರಾಠಿ ಕಾಕೂ ಪ್ಯಾರಿಸ್ಸಿನ ಟವರಿನ ಚಿತ್ರವಿದ್ದ ಕ್ಯಾಲೆಂಡರನ್ನೇ ತಂದು ತೋರಿಸಿದರು. ನಾನು ಎಲ್ಲ ಬಲ್ಲವಳ ಹಾಗೆ, "ಲಂಡನ್ನಿಗೇ ಹೋಗ್ರಿ ಅಕ್ಕಾ, ಅಲ್ಲೆ ಇಂಗ್ಲಿಷಾದ್ರೂ ನಡೀತದ" ಅಂದೆ.

"ನಂಗೆ ಇಂಗ್ಲಿಷೂ ಬರುದಿಲ್ಲ, ಅವರದ್ದೂ ಬರುದಿಲ್ಲ. ನಂಗೆ ಎರಡೂ ಒಂದೇ ಅಲ್ವಾ?" ಅಂದರು ಅಕ್ಕ.

ವಾರ ಮುಗಿಯುತ್ತ ಬಂದರೂ ಅವರು ಬಾಯಿ ಬಿಡಲಿಲ್ಲ. ಭಟ್ಟರಿಗೆ ಚಡಪಡಿಕೆ. ಒಂದು ಮಧ್ಯಾಹ್ನ ನಾನು ಅಲ್ಲಿಯೇ ಹಲಸಿನ ಹಪ್ಪಳ ಲಟ್ಟಿಸುತ್ತ ಕೂತಿದ್ದೆ. ಭಟ್ಟರು ಎಂದಿನಂತೆ ಕಟ್ಟೆಗೆ ಒರಗಿ ಉಣ್ಣುತ್ತಿದ್ದರು. "ಇವತ್ತು ಹೇಳ್ಬೇಕು ಅವರಿಗೆ. ಲಂಡನ್ನಾ, ಪ್ಯಾರಿಸ್ಸಾ?" ಎಂದು ಕೇಳಿದರು.

ಅಕ್ಕ ಅವರ ತಟ್ಟೆಗೆ ಮಜ್ಜಿಗೆ ಬಡಿಸುತ್ತ ಕೇಳಿದರು: "ಯಾವ ಊರಲ್ಲಿ ನಿಮಗೆ ಒಂದು ಹೊತ್ತು ಅಡಿಗೆ ಇಲ್ಲ?"

ಭಟ್ಟರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಯೋಚಿಸಿದರು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಕ್ಕಿಲ್ಲ. ಲಂಡನ್ನಿನಲ್ಲಿ ಎಲ್ಲ ದಿನವೂ ಎರಡು ಹೊತ್ತು ಉಂಟು ಎಂದರು. ಪ್ಯಾರಿಸ್ಸಿನಲ್ಲಿ ಒಂದು ಸಂಜೆ ಗುಂಪನ್ನು ನದಿಯಲ್ಲಿ ದೋಣಿಯ ಮೇಲೆ ಕರೆದೊಯ್ಯುತ್ತಾರೆ, ಊಟ ದೋಣಿಯಲ್ಲೇ. ಆ ಒಂದು ಸಂಜೆ ತನಗೆ ಕೆಲಸ ಇಲ್ಲ.

"ಹಾಗಾದ್ರೆ ಪ್ಯಾರಿಸ್" ಅಂದರು ಅಕ್ಕ.

ನನ್ನ ಲಟ್ಟಣಿಗೆ ಅಲ್ಲಿಗೇ ನಿಂತಿತು. ಇಡೀ ಬಿಲ್ಡಿಂಗ್ ಅರಮನೆ, ಟವರು ಎಂದು ಬಡಿದಾಡುತ್ತಿದ್ದಾಗ ಈಕೆ ಹುಡುಕುತ್ತಿದ್ದದ್ದು ಗಂಡನ ಜೊತೆ ಕೂತು ಉಣ್ಣಲು ಒಂದು ಸಂಜೆಯನ್ನು. ಭಟ್ಟರು ತಟ್ಟೆ ತೊಳೆದಿಟ್ಟು ಫೋನ್ ಮಾಡಲು ಹೊರಗೆ ಹೋದರು.

ಆಮೇಲೆ ಸಡಗರವೋ ಸಡಗರ. ಅಕ್ಕನಿಗೆ ನನ್ನ ಸ್ವೆಟರ್ ಕೊಟ್ಟೆ. ಅದರ ತೋಳು ಅವರಿಗೆ ಗಿಡ್ಡವಾಯಿತು. ಸೀರೆಯ ಕೆಳಗೆ ಕಾಲುಚೀಲ, ಬೂಟು ಹಾಕಿ ನಮ್ಮ ಕಾರಿಡಾರಿನಲ್ಲೇ ನಡೆದು ಅಭ್ಯಾಸ ಮಾಡಿದರು. ಅವರು ಜೋಪಾನವಾಗಿ ಕಟ್ಟಿದ ಗಂಟು ಮಾತ್ರ ಒಂದೇ. ತೆಳು ಅವಲಕ್ಕಿ, ಸಾರಿನ ಪುಡಿ, ತುರಿದ ಒಣ ಕೊಬ್ಬರಿ, ಬೆಲ್ಲದ ಪುಡಿ, ಸಣ್ಣ ಸೀಸೆಯಲ್ಲಿ ಕೊಬ್ಬರಿ ಎಣ್ಣೆ. ಒಲೆ ಬೇಡ, ನೀರು ಬೇಡ, ಕಲಸಿದರೆ ಮುಗಿಯಿತು. "ಅವರ ಕೈಗೆ ಆ ದಿನ ಸೌಟೇ ಸಿಗಬಾರ್ದು" ಅಂದರು.

ತಿರುಗಿ ಬಂದ ಮರುದಿನವೇ ಗೋಡೆ ತಟ್ಟಿದ ಸದ್ದು. ಓಡಿಹೋದೆ. ಟವರ್ ನೋಡಿದಿರಾ ಎಂದು ಕೇಳಿದರೆ, "ನೋಡಿದೆ, ಬಸ್ಸಿಂದ. ಉದ್ದಕ್ಕೆ ಉಂಟು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಚಹಾ ಆರಿ ತಣ್ಣಗಾಗುವವರೆಗೂ ಆ ಸಂಜೆಯ ಕತೆ ಹೇಳಿದರು.

ಗುಂಪು ದೋಣಿಗೆ ಹೊರಟ ಮೇಲೆ ಇಬ್ಬರೂ ಹೋಟೆಲಿನ ಪಕ್ಕದ ಸಣ್ಣ ಪಾರ್ಕಿನಲ್ಲಿ ಬೆಂಚಿನ ಮೇಲೆ ಕೂತರಂತೆ. ಅಲ್ಲಿ ಬೇಸಿಗೆಯಲ್ಲಿ ಊಟದ ಹೊತ್ತಾದರೂ ಬಿಸಿಲು. ಅಕ್ಕ ಎರಡು ಬಟ್ಟಲಲ್ಲಿ ಅವಲಕ್ಕಿ ಕಲಸಿದರು. ಭಟ್ಟರಿಗೆ ಕೂತಲ್ಲಿ ಕೂರಲಾಗದು. ನೀರು ತರುತ್ತೇನೆ ಎಂದು ಒಮ್ಮೆ ಎದ್ದರು, ಚಮಚ ತರುತ್ತೇನೆ ಎಂದು ಇನ್ನೊಮ್ಮೆ. ಅಕ್ಕ ಅಂಗಿಯ ತುದಿ ಹಿಡಿದು ಕೂರಿಸಿದರು. ಇನ್ನೇನು ಮೊದಲ ತುತ್ತು ಬಾಯಿಗಿಡಬೇಕು, ಗುಂಪಿನ ಗುಜರಾತಿ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದರು. ದೋಣಿ ಹತ್ತಿದರೆ ತಲೆ ಸುತ್ತುತ್ತದೆ ಎಂದು ಉಳಿದುಬಿಟ್ಟಿದ್ದರಂತೆ. "ಮಹಾರಾಜ್, ಥೋಡೀ ಖಿಚಡಿ ಮಿಲೇಗೀ?" ಅಡುಗೆಯವರನ್ನು ಅವರು ಕರೆಯುವುದೇ ಮಹಾರಾಜ್ ಎಂದು; ಸ್ವಲ್ಪ ಖಿಚಡಿ ಸಿಗುತ್ತದಾ ಎಂದು ಕೇಳಿದ್ದು.

"ಇವರು ಎದ್ದೇ ಬಿಟ್ರು ಮಾರಾಯ್ತಿ! ಬಟ್ಟಲು ಬೆಂಚಿನ ಮೇಲೆ, ಇವರು ಕೈ ಒರಸಿಕೊಂಡು ಹೊರಟಾಯ್ತು. ಇದಕ್ಕೇ ಅಲ್ವಾ ನಾನು ಅಷ್ಟು ದೂರ ಹೋದದ್ದು?"

"ಆಮ್ಯಾಲೆ ಏನ್ ಮಾಡಿದ್ರಿ ಅಕ್ಕಾ?"

"ಅಜ್ಜಿಯ ಹಸಿವೆಗೆ ಸಿಟ್ಟು ಮಾಡ್ಲಿಕ್ಕೆ ಆಗ್ತದಾ? ನನ್ನ ಬಟ್ಟಲು ಅವರ ಕೈಗೆ ಕೊಟ್ಟೆ. ಇವರಿಗೆ ಹೇಳಿದೆ, ಕೂತ್ಕೊಳ್ಳಿ ಅಂತ."

ಅಜ್ಜಿ ಬೆಂಚಿನ ಆ ತುದಿಯಲ್ಲಿ ಕೂತು ಸಂತೋಷದಿಂದ ತಿನ್ನತೊಡಗಿದರು. ಈ ತುದಿಯಲ್ಲಿ ಉಳಿದದ್ದು ಒಂದು ಬಟ್ಟಲು, ಇಬ್ಬರು ಜನ. ನೀನು ತಿನ್ನು, ನಾನು ಮತ್ತೆ, ಅಂದರೆ ಆಮೇಲೆ, ತಿನ್ನುತ್ತೇನೆ ಎಂದರಂತೆ ಭಟ್ಟರು. "ಮತ್ತೆ ಎಂತ ಮತ್ತೆ?" ಎಂದು ಅಕ್ಕ ಬಟ್ಟಲನ್ನು ನಡುವೆ ಇಟ್ಟರು. ಎಂಜಲು, ಮಡಿ ಎಂದು ಬೆಳೆದ ಮನೆಯವರು ಅವರು, ಒಬ್ಬರು ಬಾಯಿಟ್ಟ ಲೋಟಕ್ಕೆ ಇನ್ನೊಬ್ಬರು ಬಾಯಿಡದವರು. ಭಟ್ಟರು ಆ ಪರದೇಶದ ಪಾರ್ಕಿನಲ್ಲಿ, ಊರಿನ ನೆಂಟರು ಯಾರಾದರೂ ನೋಡುತ್ತಿದ್ದಾರೋ ಎಂಬಂತೆ ಸುತ್ತ ನೋಡಿದರಂತೆ. ಆಮೇಲೆ ಕೈಹಾಕಿದರು.

"ಹೇಗುಂಟು ಅಂತ ಕೇಳಿದೆ. ಬೆಲ್ಲ ಸ್ವಲ್ಪ ಜಾಸ್ತಿ ಆಯ್ತು ಅಂದ್ರು!" ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತ ನಗುತ್ತ ಕಣ್ಣು ಒರಸಿಕೊಂಡರು. ಅಷ್ಟು ತೃಪ್ತವಾದ ಮುಖವನ್ನು ನಾನು ಆಮೇಲೆ ಯಾವ ಪ್ರವಾಸದಿಂದ ಬಂದವರಲ್ಲೂ ಕಂಡಿಲ್ಲ.

ನಾವು ಮಲಾಡಿಗೆ ಬಂದ ಮೇಲೂ ಹಬ್ಬಕ್ಕೊಮ್ಮೆ ಅಕ್ಕನನ್ನು ನೋಡಲು ಹೋಗುತ್ತಿದ್ದೆ. ಆಮೇಲೆ ಅವರಿಗೆ ಕಾಯಿಲೆಯಾಯಿತು, ಬಹಳ ದಿನ ನರಳಲಿಲ್ಲ... ವೈಕುಂಠ ಸಮಾರಾಧನೆಯ ದಿನ ಮಾಟುಂಗದ ಹಳೆಯ ಗೆಳೆಯರೇ ಬಂದು ಅಡುಗೆ ಮಾಡಿದರು. ಭಟ್ಟರು ಪಂಕ್ತಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಅಂದೇ. ಬಡಿಸುವವರು ಬಂದಾಗಲೆಲ್ಲ ಅರ್ಧ ಎದ್ದುಬಿಡುತ್ತಿದ್ದರು. ಅಂಗವಸ್ತ್ರದ ತುದಿ ಹಿಡಿದು ಕೂರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವರು ಉಡುಪಿಯ ಕಡೆ ತಮ್ಮನ ಮನೆಗೆ ಹೋದರು.

ಲೋಕಲ್ಲಿನಲ್ಲಿ ಪೊಟ್ಟಣ ಒಡೆದ ದಿನ ಸಂಜೆ ಮಲಾಡಿನ ಮನೆಯಲ್ಲಿ ಚೀಲ ಕೊಡವಿ ಉಳಿದ ಪುಡಿಯನ್ನು ಡಬ್ಬಿಗೆ ತುಂಬುತ್ತಿದ್ದೆ. ಯಜಮಾನರು ಮತ್ತೆ ಶುರು ಮಾಡಿದರು. "ಲಂಡನ್ನಾಗ ಫ್ಲ್ಯಾಟ್ ಅದ. ಒಳ್ಳೆ ಕಿಚನ್ ಅದ. ಊಟದ ಚಿಂತೀನೇ ಇಲ್ಲ ನೋಡು."

"ಯಾರಿಗೆ ಚಿಂತಿ ಇಲ್ಲ?" ಎಂದೆ.

ಅವರು ಪೇಪರ್ ಕೆಳಗಿಟ್ಟರು.

"ಯಾವ ಊರಾಗ ನಾ ಅಡಿಗಿ ಮಾಡೂದಿಲ್ಲ, ಅದನ್ನ ಹೇಳ್ರಿ."

ಅದು ಯಾರ ಪ್ರಶ್ನೆ ಎಂದು ಅವರಿಗೂ ಗೊತ್ತಿತ್ತು. ಆ ಗೋಡೆಯ ಈಚೆ ಅವರೂ ಬಾಳಿದವರೇ. "ಪ್ಯಾರಿಸ್ಸಿನಾಗ ಹೋಟೆಲ್ ರೂಮು, ಕಿಚನ್ ಇಲ್ಲ ಖರೆ. ಕ್ರಿಕೆಟ್ಟೂ ಇಲ್ಲಲ್ಲಾ..." ಎಂದು ಗೊಣಗಿದರು. ಆಮೇಲೆ ಎದ್ದು ಬಂದು ಡಬ್ಬಿಯ ಮುಚ್ಚಳ ಬಿಗಿದುಕೊಟ್ಟು, "ಅವಲಕ್ಕಿ ಕಟ್ಕೋ, ಅಕ್ಕಾರು ಕಟ್ಕೊಂಡಿದ್ರಲ್ಲ, ಹಂಗ" ಅಂದರು.

ಬೆಲ್ಲ ಸ್ವಲ್ಪ ಜಾಸ್ತಿಯೇ ಇಟ್ಟುಕೊಂಡಿದ್ದೇನೆ. ಬಟ್ಟಲು ಒಂದೇ. ಸೌಟು ಹಿಡಿದು ಗೋಡೆ ತಟ್ಟಿ ಹೇಳಬೇಕು ಎನಿಸಿತು: ಅಕ್ಕಾ, ನಮ್ಮದೂ ಪ್ಯಾರಿಸ್ಸೇ ಆತು. ಆದರೆ ವಡಾಲದ ಆ ಬಿಲ್ಡಿಂಗನ್ನು ಕೆಡವಿ ಬಹುಮಹಡಿಯ ಟವರ್ ಕಟ್ಟಿದ್ದಾರೆ. ತಟ್ಟಲು ಆ ಗೋಡೆಯೂ ಈಗ ಇಲ್ಲ.